ಪಕ್ಕದ ಮನೆಯ ಲಿಪಿ, ನಮ್ಮ ಮನೆಯ ಕಥೆ

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಒಂದು ಹಳೆಯ ದೂರಿದೆ: ಮಕ್ಕಳಿಗೆ ಕನ್ನಡ ಪುಸ್ತಕ ಸಿಗುವುದಿಲ್ಲ. ರಾಯಚೂರಿಗೋ ಕಲಬುರಗಿಗೋ ಬೆಂಗಳೂರಿಗೋ ಹೋದವರು ತರಬೇಕು, ತಂದದ್ದು ಮಗುವಿನ ವಯಸ್ಸಿಗೆ ಹೊಂದಬೇಕು. ಹೊಂದುವ ಪುಸ್ತಕ ಬರುವ ಹೊತ್ತಿಗೆ ಮಗು ಎರಡು ತರಗತಿ ಮುಂದೆ ಹೋಗಿರುತ್ತದೆ. ಈ ದೂರು ಇವತ್ತು ಅರ್ಧ ಮಾತ್ರ ನಿಜ. ಅಪ್ಪನ ಫೋನಿನಲ್ಲಿ ಈಗ ಪುಕ್ಕಟೆಯಾಗಿ ತೆರೆಯಬಹುದಾದ ಕನ್ನಡ ಚಿತ್ರಕಥೆಗಳು ಒಂದು ಸಣ್ಣ ಗ್ರಂಥಾಲಯದ ಮಕ್ಕಳ ಕಪಾಟಿಗಿಂತ ಹೆಚ್ಚಿವೆ. ಪುಸ್ತಕದ ಬರ ನೀಗಿದೆ. ಆದರೂ ಓದುವ ಮಕ್ಕಳು ಹೆಚ್ಚಾದರು ಎಂದು ಯಾರೂ ಹೇಳುತ್ತಿಲ್ಲ. ಹಾಗಿದ್ದರೆ ಕೊರತೆ ಇದ್ದದ್ದು ಎಲ್ಲಿ?

ಈ ಪ್ರಶ್ನೆಯನ್ನು ಗ್ರಂಥಾಲಯದ ಮೇಜಿನ ಹಿಂದೆ ಕುಳಿತು ನೋಡಿದರೆ ಅದರ ರೂಪವೇ ಬೇರೆ. ಈ ಬರಹದಲ್ಲಿ ಬರುವ ಗ್ರಂಥಪಾಲಕಿಗೆ ಹೆಸರಿಲ್ಲ. ಅದು ಒಂದು ಕುರ್ಚಿಯ ಹೆಸರು. ಹೈದರಾಬಾದಿನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳಿರುವ ಯಾವುದೇ ಕಪಾಟಿನ ಪಕ್ಕದಲ್ಲಿ, ಅದು ಸರ್ಕಾರದ್ದಿರಲಿ, ಶಾಲೆಯದಿರಲಿ, ಸಂಘದ್ದಿರಲಿ, ಆ ಕುರ್ಚಿಯಲ್ಲಿ ಕೂತವರಿಗೆ ಏನು ಕಾಣುತ್ತದೆ ಎಂಬುದು ಇಲ್ಲಿನ ವಿಷಯ. ಮಕ್ಕಳು ಪರದೆ ನೋಡಬೇಕೋ ಪುಸ್ತಕ ನೋಡಬೇಕೋ ಎಂಬ ಜಗಳ ಟಿವಿ ಚರ್ಚೆಗೆ ಚೆನ್ನ. ಆ ಕುರ್ಚಿಯಲ್ಲಿ ಕೂತವರಿಗೆ ಬೇರೆ ಮೂರು ಪ್ರಶ್ನೆಗಳಿವೆ. ಈ ಮಗುವಿಗೆ ಯಾವ ಲಿಪಿ ಬರುತ್ತದೆ? ಮನೆಯಲ್ಲಿ ಯಾವ ಕನ್ನಡ ಕೇಳುತ್ತದೆ? ಕಥೆ ಓದುವಾಗ ಪಕ್ಕದಲ್ಲಿ ಯಾರು ಕೂರುತ್ತಾರೆ?

ಮೊದಲು ಊರಿನ ಮಾತು. ಹೈದರಾಬಾದಿಗೆ ಕನ್ನಡ ಹೊರಗಿನಿಂದ ಬಂದ ಅತಿಥಿಯಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಈ ಊರೇ ರಾಜಧಾನಿ. ತೆಲುಗು, ಮರಾಠಿ, ಕನ್ನಡ ಮೂರೂ ಆ ಸಂಸ್ಥಾನದ ಜನರ ಮಾತು. ಆಡಳಿತದ ಭಾಷೆ ಉರ್ದು. ಕೋರ್ಟಿಗೆ, ಕಾಲೇಜಿಗೆ, ನೌಕರಿಗೆ ಎಂದು ಬಂದ ಕನ್ನಡಿಗರು ಇಲ್ಲೇ ಉಳಿದರು. ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಆ ತಲೆಮಾರುಗಳು ಬಿಟ್ಟುಹೋದ ಗುರುತುಗಳು. ಅಫ್ಜಲ್‌ಗಂಜಿನಲ್ಲಿ ಮೂಸಿ ನದಿಯ ದಂಡೆಯ ಮೇಲೆ ನಿಂತಿರುವ ರಾಜ್ಯ ಕೇಂದ್ರ ಗ್ರಂಥಾಲಯ 1891ರಲ್ಲಿ ಆಸಫಿಯಾ ಗ್ರಂಥಾಲಯವಾಗಿ ಹುಟ್ಟಿದ್ದು. ಈಗಿನ ಕಟ್ಟಡಕ್ಕೆ ಬಂದದ್ದು 1936ರಲ್ಲಿ. ಸಂಸ್ಥಾನದ ಎಲ್ಲ ಭಾಷೆಗಳ ಪುಸ್ತಕ ಒಂದೇ ಸೂರಿನಡಿ ಇರಬೇಕೆಂಬ ನೆನಪು ಆ ಕಲ್ಲಿನ ಕಟ್ಟಡದಲ್ಲಿ ಇನ್ನೂ ಇದೆ.

ರಾಜ್ಯಗಳು ಬೇರೆಯಾದ ಮೇಲೆ ಒಂದೊಂದು ಭಾಷೆಯ ಪುಸ್ತಕೋದ್ಯಮವೂ ತನ್ನ ರಾಜಧಾನಿಗೆ ಹೋಯಿತು. ಕನ್ನಡದ ಪ್ರಕಾಶಕರು, ಸಗಟು ಖರೀದಿ ಯೋಜನೆ, ಗ್ರಂಥಾಲಯ ಇಲಾಖೆ ಎಲ್ಲವೂ ಕರ್ನಾಟಕದ ಗಡಿಯೊಳಗೆ ಉಳಿದವು. ಹೈದರಾಬಾದಿನ ಕನ್ನಡ ಮಗು ಆ ವ್ಯವಸ್ಥೆಗೆ ಹೊರಗಿನದು. ತೆಲುಗಿನ ವ್ಯವಸ್ಥೆಗೆ ಅಲ್ಪಸಂಖ್ಯೆಯದು. ನಡುವೆ ಬಿದ್ದವರ ಪುಸ್ತಕ ಯಾರ ಪಟ್ಟಿಯಲ್ಲೂ ಬರುವುದಿಲ್ಲ.

ಈ ಕಂದರಕ್ಕೆ ಅಂತರ್ಜಾಲ ಸೇತುವೆ ಹಾಕಿತು ಎಂಬುದನ್ನು ಒಪ್ಪಬೇಕು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ತಾಣ ತೆರೆಯಿತು. ಅಲ್ಲಿನ ಬಹುಪಾಲು ಕಥೆಗಳಿಗೆ ಮುಕ್ತ ಪರವಾನಗಿ ಇದೆ. ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರು ಉಳಿಸಿಕೊಂಡರೆ ಯಾರು ಬೇಕಾದರೂ ಓದಬಹುದು, ಮುದ್ರಿಸಬಹುದು, ಅನುವಾದಿಸಬಹುದು, ತಿದ್ದಿ ಹೊಸ ರೂಪ ಕೊಡಬಹುದು. ಗ್ರಂಥಪಾಲಕಿಯ ಕಣ್ಣಿನಲ್ಲಿ ಇದು ದೊಡ್ಡ ಮಾತು. ಸಾಮಾನ್ಯ ಪುಸ್ತಕದ ಮೇಲೆ ಆಕೆಗಿರುವ ಹಕ್ಕು ಎರವಲು ಕೊಡುವುದಷ್ಟೇ. ಮುಕ್ತ ಪುಸ್ತಕವನ್ನು ಆಕೆ ತನ್ನ ಓದುಗರ ಅಳತೆಗೆ ಹೊಲಿಯಬಹುದು. ಈ ಹಕ್ಕು ಹತ್ತು ವರ್ಷದಿಂದ ಕೈಯಲ್ಲಿದೆ. ಅದನ್ನು ಬಳಸಿದವರು ಕಡಿಮೆ.

ಹೊಲಿಗೆ ಏಕೆ ಬೇಕು ಎಂದರೆ ಮೊದಲ ಪ್ರಶ್ನೆಗೆ ಬರಬೇಕು: ಮಗುವಿಗೆ ಯಾವ ಲಿಪಿ ಬರುತ್ತದೆ?

ತೆಲಂಗಾಣದಲ್ಲಿ 2018ರ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳಲ್ಲೂ ತೆಲುಗು ಕಲಿಕೆ ಕಡ್ಡಾಯ. ಆದ್ದರಿಂದ ಹೈದರಾಬಾದಿನಲ್ಲಿ ಬೆಳೆಯುವ ಕನ್ನಡ ಮನೆಯ ಮಗುವಿಗೆ ಇಂಗ್ಲಿಷ್ ಬರುತ್ತದೆ, ತೆಲುಗು ಓದಲು ಬರುತ್ತದೆ, ಹಿಂದಿಯೂ ಸ್ವಲ್ಪ ಬರುತ್ತದೆ. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡ ಮಾಧ್ಯಮದ ಬೆರಳೆಣಿಕೆಯ ಶಾಲೆಗಳನ್ನು ಬಿಟ್ಟರೆ ಕನ್ನಡ ಅಕ್ಷರವನ್ನು ಮಗುವಿಗೆ ಕಲಿಸುವ ಜಾಗ ಈ ಊರಿನಲ್ಲಿ ಮನೆ ಒಂದೇ. ಮನೆಯಲ್ಲಿ ಸಂಜೆ ಏಳರ ಮೇಲೆ ಹೋಂವರ್ಕಿನ ರಾಜ್ಯಭಾರ.

ಇಂಥ ಮಗುವಿನ ಕೈಗೆ ಕನ್ನಡ ಕಥೆ ಕೊಟ್ಟರೆ ಅದು ಚಿತ್ರ ನೋಡಿ ವಾಪಸು ಕೊಡುತ್ತದೆ. ಪೋಷಕರು ಅದನ್ನು ನಿರಾಸಕ್ತಿ ಎನ್ನುತ್ತಾರೆ. ವಾಸ್ತವದಲ್ಲಿ ಅದು ಬಾಗಿಲಿಗೆ ಬೀಗ ಇದ್ದ ಹಾಗೆ. ಬೀಗದ ಕೈ ಮಗುವಿನ ಜೇಬಿನಲ್ಲೇ ಇದೆ, ಅದು ಬೀಗದ ಕೈ ಎಂದು ಯಾರೂ ಹೇಳಿಲ್ಲ ಅಷ್ಟೇ. ಆ ಕೈ ತೆಲುಗು ಲಿಪಿ.

ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಹಳೆಯ ಲಿಪಿಯಿಂದ ಬಂದವು. ಶತಮಾನಗಳ ಕಾಲ ಎರಡೂ ಭಾಷೆಯ ಶಾಸನಗಳನ್ನು ಕೆತ್ತಿದ್ದು ಆ ಒಂದೇ ಲಿಪಿಯಲ್ಲಿ. ಆಮೇಲೆ ನಿಧಾನವಾಗಿ ದಾರಿ ಕವಲೊಡೆಯಿತು. 19ನೇ ಶತಮಾನದಲ್ಲಿ ಅಚ್ಚಿನ ಮೊಳೆಗಳು ಎರಕಗೊಂಡಾಗ ಅಂತರ ಗಟ್ಟಿಯಾಯಿತು. ಇವತ್ತಿಗೂ ವರ್ಣಮಾಲೆಯ ಸಾಲು ಒಂದೇ, ಒತ್ತಕ್ಷರ ಕೆಳಗೆ ಕೊಡುವ ಕ್ರಮ ಒಂದೇ, ಗುಣಿತದ ತರ್ಕ ಒಂದೇ. ತಲೆಕಟ್ಟಿನ ಆಕಾರ ಬೇರೆ. ತ, ಕ, ಶ, ಹ ಮುಂತಾದ ಕೆಲವು ಅಕ್ಷರಗಳನ್ನು ಹೊಸದಾಗಿ ಗುರುತಿಡಬೇಕು. ಏ, ಓ ದೀರ್ಘಕ್ಕೆ ಕನ್ನಡದಲ್ಲಿ ಬೇರೆಯಾಗಿ ನಿಲ್ಲುವ ಚಿಹ್ನೆ, ತೆಲುಗಿನಲ್ಲಿ ಅದು ಅಕ್ಷರಕ್ಕೇ ಅಂಟಿದ್ದು. ‘ಸೂರ್ಯ’ ಬರೆಯುವಾಗ ಕನ್ನಡ ಅರ್ಕಾವೊತ್ತನ್ನು ಕೊನೆಗೆ ಇಟ್ಟರೆ ತೆಲುಗು ರಕಾರವನ್ನು ಮುಂದಿಟ್ಟು ಯಕಾರವನ್ನು ಒತ್ತಾಗಿ ಕೆಳಗೆ ಕೊಡುತ್ತದೆ. ದೊಡ್ಡ ವ್ಯತ್ಯಾಸಗಳ ಪಟ್ಟಿ ಒಂದು ಹಾಳೆ ದಾಟುವುದಿಲ್ಲ.

ಕಂಪ್ಯೂಟರಿಗಂತೂ ಈ ನಂಟು ಇನ್ನೂ ಸಲೀಸು. ಯೂನಿಕೋಡಿನಲ್ಲಿ ತೆಲುಗಿನ ಮನೆ ಮೊದಲು, ಅದಕ್ಕೆ ಅಂಟಿಕೊಂಡೇ ಕನ್ನಡದ ಮನೆ. ಎರಡರ ಒಳಗೂ ಕೋಣೆಗಳ ಜೋಡಣೆ ಒಂದೇ: ತೆಲುಗಿನ ‘ಕ’ ಇರುವ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ‘ಕ’, ‘ಮ’ಕ್ಕೆ 128 ಕೂಡಿಸಿದರೆ ಕನ್ನಡದ ‘ಮ’. ಹಾಗಾಗಿ ಕನ್ನಡ ಪಠ್ಯವನ್ನು ತೆಲುಗು ಲಿಪಿಗೆ ತಿರುಗಿಸುವುದು ಅನುವಾದವಲ್ಲ, ಊಹೆಯಲ್ಲ, ಬರೀ ಕೂಡು-ಕಳೆ. ಅಂತರ್ಜಾಲದ ಲಿಪಿ ಪರಿವರ್ತಕಗಳು ಕ್ಷಣದಲ್ಲಿ ಮಾಡಿಕೊಡುತ್ತವೆ.

ಇಲ್ಲಿಂದ ಗ್ರಂಥಪಾಲಕಿಯ ಆಲೋಚನೆ ಒಂದು ಸರಳ ವಸ್ತುವಿಗೆ ಬರುತ್ತದೆ. ಮುಕ್ತ ಪರವಾನಗಿಯ ಕನ್ನಡ ಕಥೆಯೊಂದನ್ನು ತೆಗೆದುಕೊಂಡು ಪ್ರತಿ ಪುಟದಲ್ಲೂ ಎರಡು ಸಾಲು ಅಚ್ಚು ಹಾಕುವುದು. ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡ ಲಿಪಿ, ಕೆಳಗೆ ಸಣ್ಣದಾಗಿ ಅದೇ ಕನ್ನಡ ವಾಕ್ಯ ತೆಲುಗು ಲಿಪಿಯಲ್ಲಿ. ಭಾಷೆ ಒಂದೇ, ಕಥೆ ಒಂದೇ, ಲಿಪಿ ಮಾತ್ರ ಎರಡು. ಮೊದಲ ಐದು ಪುಸ್ತಕ ಹೀಗೆ. ಮುಂದಿನ ಐದರಲ್ಲಿ ಕಷ್ಟದ ಪದಗಳಿಗೆ ಮಾತ್ರ ಕೆಳಗಿನ ಸಾಲು. ಆಮೇಲೆ ಬರೀ ಕನ್ನಡ. ಏಣಿಯನ್ನು ಏರಿದ ಮೇಲೆ ಗೋಡೆಗೆ ಒರಗಿಸಿ ಇಡಬಹುದು, ಮುಂದಿನ ಮಗುವಿಗೆ ಬೇಕಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಗೊತ್ತಿರುವಂಥದೇ: ತೆಲುಗು ಅಕ್ಷರದಲ್ಲಿ ಕನ್ನಡ ಓದಿದರೆ ಮಗು ಕನ್ನಡ ಅಕ್ಷರ ಕಲಿಯುವುದೇ ಇಲ್ಲ. ಈ ಭಯಕ್ಕೆ ಕಾರಣವಿದೆ. ರೋಮನ್ ಅಕ್ಷರದಲ್ಲಿ ಕನ್ನಡ ಸಂದೇಶ ಕುಟ್ಟುವ ಚಟ ಕನ್ನಡ ಲಿಪಿಗೆ ಏನು ಮಾಡಿದೆ ಎಂಬುದು ಎಲ್ಲರ ಫೋನಿನಲ್ಲೂ ಇದೆ. ಆದರೆ ಎರಡಕ್ಕೂ ಹೋಲಿಕೆ ಸರಿಯಾಗದು. ರೋಮನ್‌ನಿಂದ ಕನ್ನಡಕ್ಕೆ ದಾಟಲು ಮಗು ಬರವಣಿಗೆಯ ತರ್ಕವನ್ನೇ ಹೊಸದಾಗಿ ಕಲಿಯಬೇಕು. ತೆಲುಗಿನಿಂದ ದಾಟಲು ಕೆಲವು ಆಕಾರಗಳನ್ನು ಗುರುತಿಸಿದರೆ ಸಾಕು. ಮೇಲಿನ ಸಾಲಿನಲ್ಲಿ ದಪ್ಪಗೆ ಇರುವುದು ಕನ್ನಡವೇ ಆದ್ದರಿಂದ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಅಪಾಯ ಇರುವುದು ಇನ್ನೊಂದು ಕಡೆ. ತೆಲುಗು ಓದಿ ಅಭ್ಯಾಸವಾದ ನಾಲಿಗೆ ಕೆಲವು ಪದಗಳ ‘ಚ’ಕಾರವನ್ನು ‘ತ್ಸ’ ಎಂದು ಉಚ್ಚರಿಸುತ್ತದೆ; ‘ಚಾಕು’ ಹೋಗಿ ‘ತ್ಸಾಕು’ ಆಗಬಹುದು. ಅದನ್ನು ತಿದ್ದಲು ಯಂತ್ರ ಬೇಡ, ಪಕ್ಕದಲ್ಲಿ ಕೂತ ಅಜ್ಜಿ ಸಾಕು.

ಅಜ್ಜಿಯ ಮಾತು ಬಂದಾಗ ಎರಡನೆಯ ಪ್ರಶ್ನೆ ಏಳುತ್ತದೆ: ಮಗು ಮನೆಯಲ್ಲಿ ಯಾವ ಕನ್ನಡ ಕೇಳುತ್ತದೆ? ಹೈದರಾಬಾದಿನ ಹಳೆಯ ಕನ್ನಡ ಮನೆಗಳಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯ ಮಾತು ನಡೆಯುತ್ತದೆ. ಮಗು ಕೇಳುವುದು ‘ಎಲ್ಲಿ ಹೊಂಟಿ?’, ‘ಅವ ಬಂದಾನ’, ‘ಮನ್ಯಾಗ ಅದ’. ಪುಸ್ತಕ ತೆರೆದರೆ ‘ಎಲ್ಲಿಗೆ ಹೊರಟಿದ್ದೀಯೆ?’, ‘ಅವನು ಬಂದಿದ್ದಾನೆ’, ‘ಮನೆಯಲ್ಲಿದೆ’. ದೊಡ್ಡವರಿಗೆ ಇದು ಒಂದೇ ಭಾಷೆಯ ಎರಡು ಬಟ್ಟೆ. ಐದು ವರ್ಷದ ಮಗುವಿಗೆ ಪುಸ್ತಕದ ಮಾತು ಅರ್ಧ ಪರಿಚಯದವರ ಮಾತು. ಲಿಪಿ ಹೊಸದು, ಮಾತೂ ಹೊಸದು ಎಂದಾದರೆ ಮಗು ಹತ್ತಬೇಕಾದ ಮೆಟ್ಟಿಲು ಎರಡು.

ಇದನ್ನು ಆನ್‌ಲೈನ್ ಸಲಕರಣೆಗಳು ಅಳೆಯುವುದಿಲ್ಲ. ಸ್ಟೋರಿವೀವರ್ ಕಥೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸುತ್ತದೆ, ಅದು ಒಳ್ಳೆಯದೇ. ಆದರೆ ಪದಗಳ ಎಣಿಕೆಯಿಂದ ಹಂತ ಗೊತ್ತುಮಾಡುವ ಪದ್ಧತಿ ಕನ್ನಡಕ್ಕೆ ಪೂರ್ತಿ ಒಗ್ಗುವುದಿಲ್ಲ. ‘ಹೊರಟುಹೋಗಿಬಿಟ್ಟಿದ್ದಾನಂತೆ’ ಎಂಬುದು ಎಣಿಕೆಯಲ್ಲಿ ಒಂದೇ ಪದ. ಅದನ್ನು ಒಡೆದು ಓದುವ ಮಗುವಿಗೆ ಅದು ಒಂದು ಪ್ರಯಾಣ. ‘ಬಾ, ಕೂರು, ತಿನ್ನು’ ಮೂರು ಪದ, ಮೂರು ಕ್ಷಣ. ಅನುಭವವಿರುವ ಗ್ರಂಥಪಾಲಕಿ ಪುಸ್ತಕದ ಬೆನ್ನಿನ ಹಂತದ ಸಂಖ್ಯೆಯನ್ನು ನಂಬುವ ಮೊದಲು ನಡುವಿನ ಒಂದು ಪುಟ ಗಟ್ಟಿಯಾಗಿ ಓದಿ ನೋಡುತ್ತಾಳೆ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಹಂತ ಮುಗಿಯಿತು.

ಮಕ್ಕಳ ಪುಸ್ತಕ ಬೇಕಾದರೆ ಯಂತ್ರಾನುವಾದ ಇದೆಯಲ್ಲ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನದಕ್ಕೂ ಈಗಿನದಕ್ಕೂ ಅಜಗಜಾಂತರ. ಸುದ್ದಿಯ ಸಾರಾಂಶಕ್ಕೆ, ಔಷಧದ ಚೀಟಿಗೆ ಅದು ಉಪಕಾರಿ. ಮಕ್ಕಳ ಕಥೆಯಲ್ಲಿ ಮಾತ್ರ ಅದು ಜಾರುವುದು ಎಲ್ಲರೂ ಸುಲಭ ಅಂದುಕೊಂಡ ಜಾಗದಲ್ಲಿ. ಇಂಗ್ಲಿಷಿನ ‘ಅಂಕಲ್’ನಿಂದ ಹೊರಟ ಯಂತ್ರಕ್ಕೆ ಅವನು ಚಿಕ್ಕಪ್ಪನೋ ಸೋದರಮಾವನೋ ತಿಳಿಯದು. ತೆಲುಗಿನಲ್ಲಿ ತಾಯಿಯ ತಾಯಿ ‘ಅಮ್ಮಮ್ಮ’, ತಂದೆಯ ತಾಯಿ ‘ನಾನಮ್ಮ’. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬರುವಾಗ ಇಬ್ಬರೂ ಒಬ್ಬರಾಗುತ್ತಾರೆ. ಅಜ್ಜಿ ಮೊಮ್ಮಗನನ್ನು ‘ನೀವು’ ಎಂದು ಕರೆದರೆ ವ್ಯಾಕರಣ ತಪ್ಪಿಲ್ಲ, ಮನೆ ತಪ್ಪಿದೆ. ಮಗು ಭಾಷೆಯ ಜೊತೆಗೆ ಸಂಬಂಧ ಕಲಿಯುವ ವಯಸ್ಸಿನಲ್ಲಿ ಈ ತಪ್ಪು ಸಣ್ಣದಲ್ಲ.

ಈ ವಿಷಯದಲ್ಲಿ ಹಳೆಯ ‘ಚಂದಮಾಮ’ದಿಂದ ಕಲಿಯುವುದಿದೆ. 1947ರ ಜುಲೈಯಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಶುರುವಾದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಚಿತ್ರ ಒಂದೇ, ಕಥೆ ಒಂದೇ, ಭಾಷೆಗೊಂದು ಆವೃತ್ತಿ. ಹೈದರಾಬಾದಿನ ತೆಲುಗು ಮಗು, ಕಲಬುರಗಿಯ ಕನ್ನಡ ಮಗು ಒಂದೇ ಬೇತಾಳವನ್ನು ನೋಡಿ ಬೆಳೆದವು. ಇಂದಿನ ಮುಕ್ತ ಕಥೆಯ ತಾಣಗಳು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ: ಒಂದು ಚಿತ್ರ, ಹಲವು ಭಾಷೆ. ವ್ಯತ್ಯಾಸ ಒಂದಿದೆ. ಚಂದಮಾಮದ ಪ್ರತಿ ಭಾಷೆಯ ಸಾಲಿಗೂ ಅಚ್ಚಿಗೆ ಹೋಗುವ ಮೊದಲು ಹೊಣೆಯ ಕಣ್ಣೊಂದು ಬೀಳುತ್ತಿತ್ತು. ಯಾರು ಬೇಕಾದರೂ ಅನುವಾದಿಸಿ ಹಾಕಬಹುದಾದ ಕಡೆ ಆ ಕಣ್ಣು ಪ್ರತಿ ಪುಸ್ತಕಕ್ಕೂ ಇರುವುದಿಲ್ಲ. ಆ ಜಾಗವನ್ನು ಯಾರು ತುಂಬಬೇಕು? ಮಗುವಿಗೂ ಪುಸ್ತಕಕ್ಕೂ ನಡುವೆ ಸಂಬಳಕ್ಕೆ ಕೂತಿರುವ ಒಬ್ಬರೇ ಒಬ್ಬರು ಗ್ರಂಥಾಲಯದವರು.

ಹುಡುಕಾಟದ ಕಷ್ಟ ಇನ್ನೊಂದು. ಕನ್ನಡದ ಎಷ್ಟೋ ಒಳ್ಳೆಯ ಮಕ್ಕಳ ಪುಸ್ತಕಗಳ ಡಿಜಿಟಲ್ ಪ್ರತಿ ಇದ್ದೂ ಇಲ್ಲದಂತಿದೆ. ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಪುಟ ಕಟ್ಟಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಅದರಲ್ಲಿ ‘ಆನೆ’ ಎಂದು ಹುಡುಕಿದರೆ ಆನೆ ಸಿಗುವುದಿಲ್ಲ, ಲಿಪಿ ಪರಿವರ್ತಕಕ್ಕೆ ಕೊಟ್ಟರೂ ಕೆಲಸವಾಗುವುದಿಲ್ಲ. ಗ್ರಂಥಾಲಯದ ಪಟ್ಟಿಯಲ್ಲಿ ಕನ್ನಡ ಶೀರ್ಷಿಕೆಯನ್ನು ರೋಮನ್‌ನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿಟ್ಟರೆ ಅದೂ ಕಳೆದಂತೆಯೇ. ಕನ್ನಡದಲ್ಲೇ ಬರೆದರೂ ‘ಕಥೆ’ ಎಂದು ಹುಡುಕಿದವರಿಗೆ ‘ಕತೆ’ ಸಿಗದಿರಬಹುದು. ಓದುಗರ ಸಮಯ ಉಳಿಸಬೇಕು ಎಂದು ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದನ್ನಾಗಿ ಇಟ್ಟರು. ಮಕ್ಕಳ ವಿಷಯದಲ್ಲಿ ಅದು ಇನ್ನೂ ಕಟ್ಟುನಿಟ್ಟು. ದೊಡ್ಡವರು ಹತ್ತು ನಿಮಿಷ ಹುಡುಕಿಯಾರು. ಮಗು ಎರಡು ನಿಮಿಷಕ್ಕೆ ಕಾರ್ಟೂನಿಗೆ ಹೋಗುತ್ತದೆ.

ಎರಡನೆಯ ಆಕ್ಷೇಪಣೆ ಬರಹಗಾರರ ಕಡೆಯಿಂದ ಬರುತ್ತದೆ. ಪುಕ್ಕಟೆ ಕಥೆಗಳನ್ನು ಗ್ರಂಥಾಲಯಗಳೇ ಮುದ್ರಿಸಿ ಹಂಚಿದರೆ ಮಕ್ಕಳ ಪುಸ್ತಕ ಬರೆದು, ಅಚ್ಚು ಹಾಕಿಸಿ ಬದುಕುವವರು ಏನು ಮಾಡಬೇಕು? ಪ್ರಶ್ನೆ ನ್ಯಾಯವಾದದ್ದು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಹೊರತಂದಾಗ ಒಬ್ಬ ಲೇಖಕ ಮಕ್ಕಳಿಗಾಗಿ ಇಡೀ ವಿಶ್ವಕೋಶದ ಭಾರ ಹೊತ್ತಿದ್ದರು. ಅಂಥ ಕೆಲಸ ಪುಕ್ಕಟೆಯ ಆರ್ಥಿಕತೆಯಲ್ಲಿ ಹುಟ್ಟುವುದು ಕಷ್ಟ. ಆದರೆ ಹೈದರಾಬಾದಿನ ಮಟ್ಟಿಗೆ ನೋಡಿದರೆ, ಕನ್ನಡ ಓದಲು ಬಾರದ ಮಗು ನಾಳೆ ಯಾವ ಪ್ರಕಾಶಕರಿಗೂ ಗಿರಾಕಿಯಲ್ಲ. ಮುಕ್ತ ಪುಸ್ತಕ ಓದುಗನನ್ನು ತಯಾರುಮಾಡುವ ಅಂಗಳ. ಅಂಗಳ ದಾಟಿ ಒಳಗೆ ಬಂದ ಮಗುವಿಗೆ ಕೊಂಡ ಪುಸ್ತಕವನ್ನೇ ಕೊಡಬೇಕು, ಗ್ರಂಥಾಲಯ ಅದನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಮುಕ್ತ ಕಥೆಗಳನ್ನು ತೋರಿಸಿ ಕನ್ನಡ ಪುಸ್ತಕ ಖರೀದಿಯ ಹಣವನ್ನು ಕತ್ತರಿಸಿದರೆ ಅದು ಮೋಸ.

ಆ ಹಣ ಎಲ್ಲಿಂದ ಬರಬೇಕು ಎಂಬುದಕ್ಕೂ ಉತ್ತರವಿದೆ. ಈ ಪ್ರದೇಶದ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 8 ಪೈಸೆ ಗ್ರಂಥಾಲಯ ಸೆಸ್. ಕರ್ನಾಟಕದಲ್ಲಿ ಅದು 6 ಪೈಸೆ. ಹೈದರಾಬಾದಿನಲ್ಲಿ ಮನೆ ಇರುವ ಪ್ರತಿ ಕನ್ನಡಿಗರೂ ವರ್ಷವರ್ಷ ಈ ಸೆಸ್ ಕಟ್ಟುತ್ತಿದ್ದಾರೆ. ತಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಕನ್ನಡ ಮಕ್ಕಳ ಕಪಾಟು ಕೇಳುವುದು ದಾನ ಬೇಡಿದಂತಲ್ಲ, ಕಟ್ಟಿದ್ದಕ್ಕೆ ಲೆಕ್ಕ ಕೇಳಿದಂತೆ. ಆದರೆ ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ಉಳಿಸಿ ಎಂದು ಕೂಗಿದ ಸಂಘ ಮರುದಿನ ಗ್ರಂಥಾಲಯದ ಬೇಡಿಕೆ ಪುಸ್ತಕದಲ್ಲಿ ಹತ್ತು ಶೀರ್ಷಿಕೆ ಬರೆಯದಿದ್ದರೆ ಕೂಗಿಗೆ ಅರ್ಥವಿಲ್ಲ.

ಉಳಿದದ್ದು ಮೂರನೆಯ ಪ್ರಶ್ನೆ: ಓದುವಾಗ ಪಕ್ಕದಲ್ಲಿ ಯಾರು ಕೂರುತ್ತಾರೆ? ಫೋನು ಕಥೆಯನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಓದುವ ಹೆಂಗಸಿನ ದನಿ ಸ್ಪಷ್ಟ, ಉಚ್ಚಾರ ಶುದ್ಧ. ಆದರೆ ಮಗು ‘ಯಾಕ?’ ಎಂದರೆ ಅದು ಮುಂದಿನ ಪುಟಕ್ಕೆ ಹೋಗುತ್ತದೆ. ಅಜ್ಜಿ ಹೋಗುವುದಿಲ್ಲ. ‘ಅವನು ಬಂದಿದ್ದಾನೆ’ ಎಂದು ಪುಸ್ತಕದಲ್ಲಿದ್ದರೆ ಆಕೆ ‘ಅವ ಬಂದಾನ’ ಎಂದು ಓದುತ್ತಾಳೆ. ಅದು ತಪ್ಪೋದು ಎಂದು ತಿದ್ದುವ ಮಗ-ಸೊಸೆಯರು ಸ್ವಲ್ಪ ತಡೆಯಬೇಕು. ಪುಸ್ತಕದ ಕನ್ನಡವನ್ನು ಮನೆಯ ಕನ್ನಡಕ್ಕೆ ಕಟ್ಟುವ ಗಂಟು ಅದೇ. ಆ ಅಜ್ಜಿಗೆ ಕನ್ನಡ ಓದಲು ಬರುತ್ತದೆ, ಮೊಮ್ಮಗಳಿಗೆ ಫೋನು ಬಳಸಲು ಬರುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಅಕ್ಷರದ ಬಲ, ಇನ್ನೊಬ್ಬರಿಗೆ ಯಂತ್ರದ ಬಲ. ಇವರಿಬ್ಬರನ್ನು ವಾರಕ್ಕೊಮ್ಮೆ ಒಂದೇ ಬೆಂಚಿನ ಮೇಲೆ ಕೂರಿಸುವುದಕ್ಕಿಂತ ಒಳ್ಳೆಯ ಯೋಜನೆಯನ್ನು ಗ್ರಂಥಾಲಯ ಹಾಕಿಕೊಳ್ಳಲಾರದು.

ಅವಸರವೂ ಇದೆ. ಸಂಸ್ಥಾನದ ಕಾಲದ ಕನ್ನಡ ಬಲ್ಲ ತಲೆಮಾರು ಬೇಗಬೇಗ ಕಡಿಮೆಯಾಗುತ್ತಿದೆ. ಅವರ ಟ್ರಂಕುಗಳಲ್ಲಿ ಪತ್ರಗಳಿವೆ, ಅಡುಗೆಯ ಲೆಕ್ಕಗಳಿವೆ, ಹಾಡಿನ ನೋಟ್‌ಬುಕ್ಕುಗಳಿವೆ. ಅವನ್ನು ಸ್ಕ್ಯಾನ್ ಮಾಡಿ ಇಡಲು ಸಲಕರಣೆಗಳು ಬೇಕಾದಷ್ಟಿವೆ. ಓದಲು ಮಾತ್ರ ಓದಬಲ್ಲ ಮೊಮ್ಮಕ್ಕಳು ಬೇಕು. ಅವರಿಗೆ ಬೇಕಿರುವುದು ಒಂದು ಹಾಳೆಯಷ್ಟು ಹೊಸ ಅಕ್ಷರಗಳು, ಹತ್ತು ಸಣ್ಣ ಕಥೆಗಳು, ಪಕ್ಕದಲ್ಲಿ ಒಬ್ಬರು. ಕಥೆಗಳು ಬಂದಾಗಿದೆ. ಹಾಳೆಯನ್ನು ಗ್ರಂಥಪಾಲಕಿ ಒಂದು ಮಧ್ಯಾಹ್ನದಲ್ಲಿ ತಯಾರಿಸಬಲ್ಲಳು. ಪಕ್ಕದಲ್ಲಿ ಕೂರುವ ಕೆಲಸ ಮನೆಯವರದು.